ಯಂತ್ರದ ಚರಿತ್ರೆ ಮತ್ತು ನರದ ಚರಿತ್ರೆ: ಕಾಕ್ಲಿಯರ್ ಇಂಪ್ಲಾಂಟ್ ಕಥನದ ಒಂದು ವಿಮರ್ಶೆ

ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶ್ರವಣಸಾಧನದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದನ್ನು ಯಂತ್ರದ ಚರಿತ್ರೆಯಾಗಿಯೇ ಬರೆದಿದ್ದಾರೆ. 1957ರಲ್ಲಿ ಪ್ಯಾರಿಸ್ಸಿನ ಜುರ್ನೊ ಮತ್ತು ಎರಿಯೆಸ್, 1961ರಲ್ಲಿ ಲಾಸ್ ಏಂಜಲೀಸಿನ ವಿಲಿಯಂ ಹೌಸ್, 1977ರಲ್ಲಿ ವಿಯೆನ್ನಾದ ಹೋಖ್‌ಮೈರ್ ದಂಪತಿಗಳು, 1978ರಲ್ಲಿ ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್: ಹೀಗೆ ಹೆಸರುಗಳೂ ಇಸವಿಗಳೂ ಮೆಟ್ಟಿಲುಗಳಂತೆ ಒಂದರ ಮೇಲೊಂದು ನಿಲ್ಲುತ್ತವೆ. ಇದರಲ್ಲಿ ಅಸತ್ಯವೇನೂ ಇಲ್ಲ. ಆದರೆ ಒಂದೇ ಯಂತ್ರವನ್ನು ಒಂದೇ ಬಗೆಯ ಶಸ್ತ್ರಚಿಕಿತ್ಸೆಯಿಂದ ಪಡೆದ ಇಬ್ಬರಲ್ಲಿ ಒಬ್ಬರು ದೂರವಾಣಿಯಲ್ಲಿ ನಿರಾಯಾಸವಾಗಿ ಸಂಭಾಷಿಸುವರು. ಇನ್ನೊಬ್ಬರು ಎದುರಿನವರ ತುಟಿಯನ್ನು ನೋಡದೆ ಒಂದು ವಾಕ್ಯವನ್ನೂ ಗ್ರಹಿಸಲಾರರು. ಈ ಅಂತರಕ್ಕೆ ಕಾರಣ ಹೇಳದ ಚರಿತ್ರೆ ಅಪೂರ್ಣವೇ ಸರಿ. ಅದು ಮರೆತಿರುವ ಮುಖ್ಯ ಪಾತ್ರ ಶ್ರವಣನರ.

ಸಾಧನದ ಕೆಲಸವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ಒಳಗಿವಿಯ ಶಂಖಾಕಾರದ ಸುರುಳಿಯೇ ಕಾಕ್ಲಿಯ. ಅಲ್ಲಿಯ ರೋಮಕೋಶಗಳು ಧ್ವನಿಯ ಕಂಪನವನ್ನು ನರಸಂಕೇತವನ್ನಾಗಿ ಮಾರ್ಪಡಿಸುತ್ತವೆ. ಅವು ನಶಿಸಿದಾಗ, ಕಿವಿಯ ಹೊರಗಿರುವ ಮೈಕ್ರೊಫೋನು ಹಿಡಿದ ಧ್ವನಿಯನ್ನು ಸುರುಳಿಯೊಳಗೆ ಸೇರಿಸಿದ ವಿದ್ಯುದ್ವಾರಗಳು ನೇರವಾಗಿ ನರಕ್ಕೆ ಮುಟ್ಟಿಸುತ್ತವೆ. ಆರೋಗ್ಯವಂತನ ಶ್ರವಣನರದಲ್ಲಿ ಸುಮಾರು 30,000 ತಂತುಗಳುಂಟು. ಬಳಕೆಯಲ್ಲಿರುವ ಸಾಧನಗಳ ವಿದ್ಯುದ್ವಾರಗಳಾದರೋ 12ರಿಂದ 22ರಷ್ಟು. ಯಂತ್ರವು ರೋಮಕೋಶಗಳ ಸ್ಥಾನದಲ್ಲಿ ನಿಲ್ಲಬಲ್ಲುದೇ ಹೊರತು ನರದ ಸ್ಥಾನದಲ್ಲಿ ನಿಲ್ಲಲಾರದು.

ಮೊದಲಲ್ಲಿ ಈ ಅರಿವು ಇತ್ತು. 1957ರ ಪ್ಯಾರಿಸ್ಸಿನ ರೋಗಿಗೆ ವಿದ್ಯುದ್ವಾರವನ್ನು ಕಾಕ್ಲಿಯದಲ್ಲಿ ಇಡಲಿಲ್ಲ, ಉಳಿದಿದ್ದ ನರದ ತುಂಡಿನ ಬಳಿಯಲ್ಲಿಟ್ಟರು. ಅನಂತರ ಹೌಸ್ ಮೊದಲಾದವರನ್ನು ವಿರೋಧಿಸಿದ ವಿಜ್ಞಾನಿಗಳು, ಕಿವುಡರಲ್ಲಿ ನರತಂತುಗಳು ಕ್ಷೀಣಿಸಿರುವುದರಿಂದ ವಿದ್ಯುತ್ತಿನಿಂದ ಮಾತು ತಿಳಿಯಲಾರದೆಂದು ವಾದಿಸಿದರು. ಪಿಟ್ಸ್‌ಬರ್ಗಿನಲ್ಲಿ ರಾಬರ್ಟ್ ಬಿಲ್ಗರ್ ಮತ್ತು ಸಂಗಡಿಗರು ಇಂತಹ ಸಾಧನ ಪಡೆದ 13 ಮಂದಿಯನ್ನು ಪರೀಕ್ಷಿಸಿ 1977ರಲ್ಲಿ ಕೊಟ್ಟ ವರದಿಯು ಎರಡು ಪಕ್ಷಕ್ಕೂ ಅರ್ಧ ಗೆಲುವನ್ನು ಕೊಟ್ಟಿತು: ತುಟಿಯೋದುವುದಕ್ಕೆ ಸಾಧನವು ನೆರವಾಗುತ್ತದೆ, ಕೇವಲ ಶಬ್ದದಿಂದ ಮಾತು ತಿಳಿಯದು. ಬಹುವಿದ್ಯುದ್ವಾರದ ಸಾಧನಗಳು ಗೆದ್ದಮೇಲೆ ವಿರೋಧಿಗಳ ಉತ್ತರ ತಪ್ಪೆಂದು ಸಿದ್ಧವಾಯಿತು. ಅದರೊಡನೆ ಅವರ ಪ್ರಶ್ನೆಯನ್ನೂ ಚರಿತ್ರಕಾರರು ಕೈಬಿಟ್ಟರು. ಇದು ಗೆದ್ದವರ ಚರಿತ್ರೆಗೆ ಸಹಜವಾದ ದೋಷ.

ಆ ಪ್ರಶ್ನೆಯು ಪ್ರಯೋಗಶಾಲೆಗಳಲ್ಲಿ ಉಳಿದುಕೊಂಡಿತು. ಸಾಧನವನ್ನು ಬಳಸಿ ಮೃತರಾದವರ ಕಿವಿಯ ಮೂಳೆಗಳಲ್ಲಿ ನರಕೋಶಗಳನ್ನೆಣಿಸಿ, ಬದುಕಿದ್ದಾಗ ಅವರು ಪಡೆದಿದ್ದ ಪದಗ್ರಹಣದ ಅಂಕಗಳೊಡನೆ ಹೋಲಿಸಿದರು. 2000ರ ದಶಕದಲ್ಲಿ ಅಮೆರಿಕದಿಂದ ಬಂದ ಇಂತಹ ಅಧ್ಯಯನಗಳಲ್ಲಿ ಇವೆರಡಕ್ಕೂ ನಿರೀಕ್ಷಿಸಿದ ಸಂಬಂಧ ಕಾಣಲಿಲ್ಲ. ನರದ ಎಣಿಕೆ ಮುಖ್ಯವಲ್ಲವೆಂದು ಹಲವರು ತೀರ್ಮಾನಿಸಿದರು. ಆದರೆ 2014ರಲ್ಲಿ ಸೆಯ್ಯೆದಿ, ವಿಯಾನಾ, ನೇಡಲ್ ಎಂಬವರು ಎರಡೂ ಕಿವಿಗಳಿಗೆ ಸಾಧನ ಪಡೆದಿದ್ದ ಕೆಲವರನ್ನೇ ಆರಿಸಿ, ಒಬ್ಬರದೇ ಎರಡು ಕಿವಿಗಳನ್ನು ಹೋಲಿಸಿದರು. ಹೆಚ್ಚು ನರಕೋಶಗಳುಳಿದ ಕಿವಿಯೇ ಹೆಚ್ಚು ಪದಗಳನ್ನು ಗ್ರಹಿಸಿತ್ತು! ಚರಿತ್ರೆಯ ವಿದ್ಯಾರ್ಥಿಗೆ ಈ ವಿಧಾನ ಅಪರಿಚಿತವಲ್ಲ. ಎರಡು ದೂರದ ಸೀಮೆಗಳ ಕಂದಾಯವನ್ನು ಹೋಲಿಸಿದರೆ ಕೆರೆ, ಮಳೆ, ಅಧಿಕಾರಿ ಎಲ್ಲವೂ ನಡುವೆ ಬರುತ್ತವೆ. ಒಬ್ಬನೇ ರೈತನ ಎರಡು ಹೊಲಗಳನ್ನು ಹೋಲಿಸಿದಾಗ ಮಣ್ಣಿನ ಗುಣ ತಿಳಿಯುತ್ತದೆ. ವ್ಯಕ್ತಿ ವ್ಯಕ್ತಿಗಳ ನಡುವೆ ಕಿವುಡಿನ ಅವಧಿ, ವಯಸ್ಸು, ಭಾಷಾಭ್ಯಾಸ, ಮಿದುಳಿನ ಶಕ್ತಿ ಬೇರೆಯಾಗಿರುವುದರಿಂದ ನರದ ಪ್ರಭಾವ ಮರೆಯಾಗಿತ್ತು, ಇಲ್ಲವಾಗಿರಲಿಲ್ಲ.

ಕನ್ನಡಿಗರಿಗೆ ಇದರ ಅರ್ಥವೇನೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 'ಕರು', 'ಕಾರು' ಎಂಬಲ್ಲಿನ ಭೇದ ಕಾಲಪ್ರಮಾಣದ್ದು. ಅದನ್ನು ಸಾಧನವು ಚೆನ್ನಾಗಿಯೇ ಒಯ್ಯುತ್ತದೆ. 'ಬೆಲೆ', 'ಬೆಳೆ' ಎಂಬಲ್ಲಿನ ಭೇದ ನಾಲಗೆ ತಾಗುವ ಸ್ಥಾನದಿಂದ ಹುಟ್ಟುವ ಆವೃತ್ತಿಗಳ ಸೂಕ್ಷ್ಮದಲ್ಲಿದೆ. ನರತಂತುಗಳು ಅಲ್ಲಲ್ಲಿ ನಶಿಸಿದ್ದರೆ ನೆರೆಯ ವಿದ್ಯುದ್ವಾರಗಳ ಸಂಕೇತಗಳು ಬೆರೆತು ಇಂತಹ ಸೂಕ್ಷ್ಮವೇ ಮೊದಲು ಅಳಿಸಿಹೋಗುವುದು. ದಾವಣಗೆರೆಯ ಎಸ್.ಎಸ್. ಬಡಾವಣೆಯ ಮನೆಯೊಂದರಲ್ಲಿ ಹಿರಿಯರು ಮೆಕ್ಕೆಜೋಳದ ಮಾತೆತ್ತಿದರೆ, ಬಿದ್ದದ್ದು ಬೆಲೆಯೋ ಬೆಳೆಯೋ ಎಂಬುದನ್ನು ಸಂದರ್ಭವೂ ಹೇಳಿಕೊಡಲಾರದು. ಆದುದರಿಂದ ಗ್ರಹಣಶಕ್ತಿಯನ್ನು ಅಳೆಯುವುದು ಕೇಳುವವನ ಭಾಷೆಯಲ್ಲಿಯೇ ಆಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ 2005ರಲ್ಲಿ ಸಿದ್ಧವಾದ ಧ್ವನಿಸಮತೋಲದ ಕನ್ನಡ ಪದಪಟ್ಟಿಗೆ ಈ ಕಾರಣದಿಂದಲೇ ಬೆಲೆಯುಂಟು.

ಸರಕಾರದ ನೆರವಿನಿಂದ ಎಳೆಯ ಮಕ್ಕಳಿಗೆ ಈ ಸಾಧನವನ್ನು ಒದಗಿಸುವ ಯೋಜನೆಗಳು ಈಗ ಇವೆ, ಅದು ಸ್ತುತ್ಯವಾದುದು. ಆದರೆ ಯಂತ್ರದ ಚರಿತ್ರೆಯನ್ನೇ ನಂಬಿದ ಸಮಾಜವು ಶಸ್ತ್ರಚಿಕಿತ್ಸೆಗಳ ಸಂಖ್ಯೆಯನ್ನೇ ಸಾಧನೆಯೆಂದು ಎಣಿಸುತ್ತದೆ. ಮಗು ಮಾತಾಡದಿದ್ದರೆ, ಯಂತ್ರ ಸರಿಯಿದೆಯೆಂದ ಮೇಲೆ, ತಾಯಿ ಅಭ್ಯಾಸ ಮಾಡಿಸಲಿಲ್ಲವೆಂಬ ದೂರು ಸುಲಭವಾಗಿ ಹುಟ್ಟುತ್ತದೆ. ಹುಟ್ಟಿನಿಂದಲೇ ನರವು ತೆಳುವಾಗಿರುವ ಮಕ್ಕಳುಂಟು. ನರವೇ ಇಲ್ಲದವರಿಗಾಗಿ ಮಿದುಳಿನ ಕಾಂಡದ ಮೇಲೆ ವಿದ್ಯುದ್ವಾರವನ್ನಿಡುವ ಚಿಕಿತ್ಸೆಯೂ ಇದೆ. ಆ ಬಗೆಯ ಸಾಧನವನ್ನು ಹೌಸ್ ಮತ್ತು ಹಿಟ್ಸೆಲ್‌ಬರ್ಗರ್ 1979ರಲ್ಲಿಯೇ ಮೊದಲು ಅಳವಡಿಸಿದ್ದರು. ಶಸ್ತ್ರಚಿಕಿತ್ಸೆಗೆ ಮೊದಲು ಎಂ.ಆರ್.ಐ. ಚಿತ್ರದಿಂದ ನರವನ್ನು ಕಾಣಬಹುದು. ಆಮೇಲೆ ಸಾಧನದ ವಿದ್ಯುದ್ವಾರಗಳಿಂದಲೇ ಅದರ ಪ್ರತಿಕ್ರಿಯೆಯನ್ನು ದಾಖಲಿಸಬಹುದು. ಹಾಗೆಂದು ನರವನ್ನೇ ನೆಪ ಮಾಡಿ ಭಾಷಾಭ್ಯಾಸವನ್ನು ಕೈಬಿಡುವುದೂ ಅಷ್ಟೇ ಅನ್ಯಾಯ. ನರ ದುರ್ಬಲವಾದಷ್ಟೂ ಅಭ್ಯಾಸದ ಅಗತ್ಯ ಹೆಚ್ಚು.

ಪ್ರತಿಯೊಂದು ದಾಖಲೆಯಲ್ಲಿಯೂ ಕಿವುಡಿನ ಅವಧಿ, ನರದ ಸ್ಥಿತಿ, ದೊರೆತ ಅಭ್ಯಾಸ, ಮಾತೃಭಾಷೆಯಲ್ಲಿ ಅಳೆದ ಪದಗ್ರಹಣ, ಈ ನಾಲ್ಕೂ ಇರುವಂತಾದರೆ ಮುಂದಿನ ಚರಿತ್ರಕಾರನು ಯಂತ್ರದ ಬದಲು ಕೇಳುವ ಮನುಷ್ಯನ ಚರಿತ್ರೆಯನ್ನು ಬರೆಯಬಲ್ಲನು. ಅಲ್ಲಿಯವರೆಗೆ ಸೋಲಿನ ಹೊಣೆಯನ್ನು ಯಾವ ತಾಯಿಯ ಮೇಲೆಯೂ ಹೊರಿಸುವ ಅಧಿಕಾರ ನಮಗಿಲ್ಲ.