ಹೂತ ಮಡಕೆ

ಕೈದೋಟದ ಕೆಲಸಗಳಲ್ಲಿ ಅತ್ಯಂತ ಸುಲಭವೆಂದು ಎಲ್ಲರೂ ಭಾವಿಸುವ, ಆ ಕಾರಣದಿಂದಲೇ ಮಕ್ಕಳಿಗೋ ನೆರೆಮನೆಯವರಿಗೋ ನಿಶ್ಚಿಂತೆಯಿಂದ ಒಪ್ಪಿಸಿ ಊರಿಗೆ ಹೊರಟುಬಿಡುವ ಕೆಲಸವೆಂದರೆ ಗಿಡಗಳಿಗೆ ನೀರು ಹಾಕುವುದು. ವಸ್ತುತಃ ಇದರಷ್ಟು ವಿವೇಚನೆಯನ್ನು ಬೇಡುವ ಕೆಲಸ ತೋಟಗಾರಿಕೆಯಲ್ಲಿ ಮತ್ತೊಂದಿಲ್ಲ. ನೀರಿಲ್ಲದೆ ಬಾಡಿದ ಗಿಡ ಎಲೆ ಜೋಲಿಸಿ ತನ್ನ ಸಂಕಟವನ್ನು ತಿಳಿಸುತ್ತದೆ. ಸಕಾಲದಲ್ಲಿ ಒಂದು ಚೊಂಬು ನೀರೆರೆದರೆ ಸಂಜೆಯೊಳಗೆ ತಲೆಯೆತ್ತುತ್ತದೆ. ಆದರೆ ನೀರು ಅತಿಯಾಗಿ, ಮಣ್ಣಿನ ಕಣಗಳ ನಡುವೆ ನಿಲ್ಲಬೇಕಾದ ವಾಯುವೆಲ್ಲ ಹೊರಬಿದ್ದು, ಉಸಿರಿಗೆ ಆಮ್ಲಜನಕ ದೊರೆಯದೆ ಬೇರು ಕೊಳೆತ ಗಿಡವೂ ಅದೇ ರೀತಿಯಲ್ಲಿ ಎಲೆ ಜೋಲಿಸುತ್ತದೆ. ಅದನ್ನು ಬಾಯಾರಿಕೆಯೆಂದು ಬಗೆದು ಮತ್ತಷ್ಟು ನೀರು ಸುರಿಯುವವನು ಕರುಣೆಯಿಂದಲೇ ಅದನ್ನು ಕೊಲ್ಲುತ್ತಾನೆ. ಮನೆಯಲ್ಲಿಯೇ ತಾನಾಗಿ ನೀರುಣಿಸುವ ಏರ್ಪಾಡೊಂದನ್ನು ಕಟ್ಟಿಕೊಳ್ಳಬೇಕೆನ್ನುವವರು, ನಳಿಕೆ ಪೀಪಾಯಿಗಳನ್ನು ಕೊಳ್ಳಲು ಅಂಗಡಿಗೆ ಹೋಗುವ ಮೊದಲು, ಆ ನೀರು ಯಾರ ಅಪ್ಪಣೆಯಂತೆ ಹರಿಯತಕ್ಕದ್ದೆಂಬುದನ್ನು ಯೋಚಿಸಬೇಕು.

ಸಾಮಾನ್ಯವಾಗಿ ಎಲ್ಲರ ಮನಸ್ಸಿಗೆ ಮೊದಲು ಹೊಳೆಯುವುದು ಎತ್ತರದಲ್ಲಿಟ್ಟ ಪೀಪಾಯಿ ಮತ್ತು ಅದರಿಂದ ಇಳಿಬಿಟ್ಟ ಸಣ್ಣ ನಳಿಕೆ. ವೈಶಾಖದ ಬಿಸಿಲಿನಲ್ಲಿ ಶಿವಲಿಂಗದ ಮೇಲೆ ಧಾರಾಪಾತ್ರೆಯನ್ನು ತೂಗುಬಿಟ್ಟು ಹನಿಹನಿಯಾಗಿ ಅಭಿಷೇಕ ನಡೆಸುವುದನ್ನು ಕಂಡ ಜನಕ್ಕೆ ಈ ಕಲ್ಪನೆ ಹೊಸದೇನೂ ಅಲ್ಲ. ಆಸ್ಪತ್ರೆಯ ಗ್ಲೂಕೋಸ್ ಬಾಟಲಿಯನ್ನು ತಲೆಕೆಳಗಾಗಿ ಗೂಟಕ್ಕೆ ಕಟ್ಟಿ ಗಿಡವೊಂದಕ್ಕೆ ಹನಿಯಿಕ್ಕಿಸುವ ರೈತರನ್ನೂ ನಾವು ಕಂಡಿದ್ದೇವೆ. ಆದರೆ ಪಾತ್ರೆಯ ತಳದ ರಂಧ್ರದಿಂದ ಹೊಮ್ಮುವ ನೀರಿನ ವೇಗವು ಮೇಲೆ ನಿಂತ ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆಂಬುದನ್ನು 17ನೆಯ ಶತಮಾನದಲ್ಲಿಯೇ ಇಟಲಿಯ ಟೊರಿಚೆಲ್ಲಿ ತೋರಿಸಿಕೊಟ್ಟಿದ್ದಾನೆ. ಪೀಪಾಯಿ ಕಾಲು ಭಾಗಕ್ಕಿಳಿಯುವಷ್ಟರಲ್ಲಿ ಧಾರೆ ಅರ್ಧಕ್ಕಿಳಿದಿರುತ್ತದೆ. ಅದೇ ಶತಮಾನದ ಫ್ರಾನ್ಸಿನ ಮಾರಿಯಟ್‌ನ ಹೆಸರಿನಿಂದ ಪ್ರಸಿದ್ಧವಾದ ಉಪಾಯದಂತೆ ಪೀಪಾಯಿಯ ಬಾಯನ್ನು ಗಾಳಿಯಾಡದಂತೆ ಬಿಗಿದು, ಒಂದು ನೇರ ಕೊಳವೆಯ ಮೂಲಕ ಮಾತ್ರ ಒಳಗೆ ಗಾಳಿ ಇಳಿಯುವಂತೆ ಮಾಡಿದರೆ, ನೀರಿನ ಮಟ್ಟ ಆ ಕೊಳವೆಯ ಕೆಳತುದಿಗೆ ಬರುವವರೆಗೆ ಧಾರೆ ಒಂದೇ ಸಮನಾಗಿರುವುದು ನಿಜ. ಇಷ್ಟೆಲ್ಲ ಮಾಡಿದ ಮೇಲೂ ಮುಖ್ಯ ಕೊರತೆ ಉಳಿದೇ ಉಳಿಯುತ್ತದೆ. ರಾತ್ರಿಯೆಲ್ಲ ಮಳೆ ಸುರಿದು ಪಾತಿ ತುಂಬಿದ್ದರೂ ಆ ಹನಿ ಬೀಳುತ್ತಲೇ ಇರುತ್ತದೆ. ಬೆಂಕಿಯಂಥ ಬಿಸಿಗಾಳಿ ಬೀಸಿ ಮಣ್ಣು ಬಿರಿದರೂ ಅಷ್ಟೇ ಬೀಳುತ್ತದೆ. ಗಡಿಯಾರವನ್ನು ಜೋಡಿಸಿದ ಆಧುನಿಕ ಯಂತ್ರಗಳಿಗೂ, ಮಣ್ಣಿನ ತೇವವನ್ನು ಅಳೆಯುವ ಸಾಧನ ಅವುಗಳಲ್ಲಿ ಇಲ್ಲದಿದ್ದರೆ, ಇದೇ ಮಾತು ಸಲ್ಲುತ್ತದೆ.

ಮಣ್ಣನ್ನು ಕೇಳಿಕೊಂಡು ನೀರು ಕೊಡುವ ಸಾಧನ ನಮ್ಮ ಕುಂಬಾರರ ಆವಿಗೆಯಿಂದ ನಿತ್ಯವೂ ಹೊರಬರುತ್ತಿರುವಾಗ ನಾವು ಬೇರೆಡೆ ಹುಡುಕುವುದೇಕೆ? ಮೆರುಗು ಹಚ್ಚದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತು, ನೀರು ತುಂಬಿ, ಬಾಯಿ ಮುಚ್ಚಿಬಿಟ್ಟರೆ ನೀರಾವರಿಯ ಯಂತ್ರ ಸಿದ್ಧವಾದಂತೆಯೇ. ಕುಡಿಯುವ ನೀರಿನ ಗಡಿಗೆಯ ಹೊರಮೈ ಬೆವರುವುದನ್ನು, ಆ ಬೆವರು ಆರಿದಂತೆ ಒಳಗಿನ ನೀರು ತಣ್ಣಗಾಗುವುದನ್ನು ಎಲ್ಲರೂ ಬಲ್ಲರು. ಅದೇ ಸೂಕ್ಷ್ಮ ರಂಧ್ರಗಳು ನೆಲದೊಳಗೆ ಮತ್ತೊಂದು ಕಾರ್ಯವನ್ನು ನಿರ್ವಹಿಸುತ್ತವೆ. ಒಣಗಿದ ಮಣ್ಣಿಗೆ ನೀರನ್ನು ತನ್ನತ್ತ ಸೆಳೆಯುವ ಶಕ್ತಿಯುಂಟು. ಮಣ್ಣು ಒಣಗಿದಷ್ಟೂ ಆ ಸೆಳೆತ ಬಲವಾಗುತ್ತದೆ, ತೇವಗೊಂಡಷ್ಟೂ ಕ್ಷೀಣಿಸುತ್ತದೆ. ಬೇರುಗಳು ಸುತ್ತಣ ತೇವವನ್ನು ಹೀರಿಕೊಂಡಂತೆ ಮಣ್ಣು ಮಡಕೆಯ ಗೋಡೆಯಿಂದ ನೀರನ್ನು ಎಳೆಯುತ್ತದೆ. ಸಾಕಾದ ಮೇಲೆ ಎಳೆಯುವುದನ್ನು ಬಿಡುತ್ತದೆ. ಹೀಗೆ ಗಿಡ ಬೇಡಿದರೆ ಹರಿಯುವ, ಬೇಡದಿದ್ದರೆ ನಿಲ್ಲುವ ನೀರಿಗೆ ಪಂಪೂ ಬೇಡ, ವಿದ್ಯುತ್ತೂ ಬೇಡ, ಕಾವಲುಗಾರನೂ ಬೇಡ. ಇದಕ್ಕಿಂತ ಸಭ್ಯವಾದ ಯಂತ್ರವನ್ನು ನಾನು ಕಾಣೆ.

ಈ ವಿದ್ಯೆ ಬಹಳ ಪ್ರಾಚೀನವಾದದ್ದು. ಕ್ರಿಸ್ತಪೂರ್ವ 1ನೆಯ ಶತಮಾನದ ಚೀನಾದಲ್ಲಿ ಫಾನ್ ಶೆಂಗ್‌ಜಿ ಎಂಬಾತ ಬರೆದ ಕೃಷಿಗ್ರಂಥದಲ್ಲಿ ಇದರ ವಿಧಿಯನ್ನು ಸ್ಪಷ್ಟವಾಗಿ ಹೇಳಿದೆ: ಗುಂಡಿಯ ನಡುವೆ ಜಾಡಿಯನ್ನು ಬಾಯಿ ನೆಲಕ್ಕೆ ಸಮನಾಗುವಂತೆ ಹೂಳಬೇಕು, ನೀರು ತುಂಬಿ, ನಾಲ್ಕು ದಿಕ್ಕಿಗೆ ನಾಲ್ಕು ಕರಬೂಜದ ಬೀಜಗಳನ್ನು ಊರಿ, ಬಾಯಿಗೆ ಹೆಂಚು ಮುಚ್ಚಬೇಕು, ನೀರು ಇಳಿದಾಗಲೆಲ್ಲ ತುಂಬುತ್ತಿರಬೇಕು. ಆ ಬೀಜಗಳ ಹೊರಸುತ್ತಿನಲ್ಲಿ ಈರುಳ್ಳಿಯ ಕುಲದ ಹತ್ತು ಗಿಡಗಳನ್ನು ನೆಟ್ಟರೆ ಐದನೆಯ ತಿಂಗಳಲ್ಲಿ ಹಣ್ಣು ಮಾಗುವ ವೇಳೆಗೆ ಅವನ್ನು ಕಿತ್ತು ಮಾರಿಕೊಳ್ಳಬಹುದೆಂದೂ ಆತ ಸೇರಿಸಿದ್ದಾನೆ. ಒಂದು ಜಾಡಿಯ ನೀರಿನ ಒಂದು ತೊಟ್ಟನ್ನೂ ವ್ಯರ್ಥಗೊಳಿಸಲೊಪ್ಪದ ಆ ಕೃಷಿಕನ ಲೆಕ್ಕಾಚಾರವನ್ನು ಓದಿದಾಗ ಎರಡು ಸಾವಿರ ವರ್ಷಗಳ ಅಂತರವೇ ಅಳಿಸಿಹೋಗಿ, ಆತನೊಡನೆ ಪಾತಿಯ ಅಂಚಿನಲ್ಲಿ ಕುಳಿತು ಮಾತನಾಡಬೇಕೆನಿಸುತ್ತದೆ. ಹರಿಯಾಣದ ಕರ್ನಾಲ್‌ನಲ್ಲಿರುವ ಕೇಂದ್ರೀಯ ಲವಣ ಮೃತ್ತಿಕಾ ಸಂಶೋಧನ ಸಂಸ್ಥೆಯಲ್ಲಿಯೂ, ಸಿಹಿನೀರು ದುರ್ಲಭವಾದ ನೆಲದಲ್ಲಿ ತರಕಾರಿ ಬೆಳೆಯುವ ಉದ್ದೇಶದಿಂದ, ಹೂತ ಮಡಕೆಗಳ ಪ್ರಯೋಗ ನಡೆದದ್ದುಂಟು.

ಮಡಕೆಯ ಆಯ್ಕೆಯಲ್ಲಿಯೇ ಅರ್ಧ ಕೆಲಸ ಅಡಗಿದೆ. ಹೊಟ್ಟೆ ದುಂಡಗೆ, ಕುತ್ತಿಗೆ ಕಿರಿದಾಗಿರುವ ಹೂಜಿಯ ಆಕಾರ ಶ್ರೇಷ್ಠ. ಬಾಯಿ ಸಣ್ಣದಾದಷ್ಟೂ ಆವಿಯಾಗಿ ಹೋಗುವ ನೀರು ಕಡಮೆ. ಬಣ್ಣ ಬಳಿದು ವಾರ್ನಿಷ್ ಹಚ್ಚಿ ಅಲಂಕಾರಕ್ಕೆಂದು ಮಾರುವ ಮಡಕೆಗಳ ರಂಧ್ರಗಳೆಲ್ಲ ಮುಚ್ಚಿಹೋಗಿರುವುದರಿಂದ ಅವು ನಮಗೆ ಸಲ್ಲವು. ಅತಿಯಾಗಿ ಬೆಂದು ಕಂಚಿನಂತೆ ಠಣಠಣಿಸುವ ಮಡಕೆಯೂ ನೀರನ್ನು ಬಿಟ್ಟುಕೊಡಲು ಹಿಂಜರಿಯುತ್ತದೆ. ಮಣ್ಣಿಗೆ ಭತ್ತದ ಹೊಟ್ಟನ್ನೋ ಮರದ ಪುಡಿಯನ್ನೋ ಬೆರೆಸಿ ಸುಟ್ಟಲ್ಲಿ, ಅದು ಉರಿದುಹೋದ ಜಾಗದಲ್ಲೆಲ್ಲ ರಂಧ್ರಗಳುಳಿದು ಮಡಕೆ ಧಾರಾಳಿಯಾಗುತ್ತದೆ. ಪರಿಚಯದ ಕುಂಬಾರನಿದ್ದರೆ ಹೀಗೆಂದು ಹೇಳಿ ಮಾಡಿಸಿಕೊಳ್ಳಬಹುದು. ತಂದ ಮಡಕೆಗೆ ನೀರು ತುಂಬಿ ನೆರಳಿನಲ್ಲಿ ಒಣನೆಲದ ಮೇಲಿಟ್ಟು ನೋಡಬೇಕು. ಮೈಯೆಲ್ಲ ಒಂದೇ ಸಮನಾಗಿ ಕಪ್ಪೇರಿ ತೇವ ಮಿನುಗಿದರೆ ಅದು ಯೋಗ್ಯ. ಒಂದೆಡೆ ಮಾತ್ರ ಗೆರೆಯಾಗಿ ನೀರಿಳಿದರೆ ಅಲ್ಲಿ ಸೀಳಿದೆಯೆಂದು ತಿಳಿಯಬೇಕು. ಹೂಜಿ ಸಿಕ್ಕದವರು ಸಮ ಅಳತೆಯ ಎರಡು ಸಾದಾ ಹೂಕುಂಡಗಳನ್ನು ಬಾಯಿಗೆ ಬಾಯಿ ಕೂಡಿಸಿ, ನೀರಿಗೆ ಜಗ್ಗದ ಅಂಟಿನಿಂದ ಬೆಸೆದು, ಕೆಳಗಿನ ಕುಂಡದ ತಳದ ತೂತನ್ನು ಸಿಮೆಂಟಿನಿಂದ ಮುಚ್ಚಿ, ಮೇಲಿನದರ ತೂತಿನಿಂದ ನೀರು ತುಂಬುವಂತೆ ಮಾಡಿಕೊಳ್ಳಬಹುದು.

ಹೂಳುವಾಗ ಅವಸರ ಕೂಡದು. ಮಡಕೆಗಿಂತ ಅಗಲವಾದ ಗುಂಡಿ ತೋಡಿ, ತೆಗೆದ ಮಣ್ಣಿನ ಕಲ್ಲು ಹೆಂಟೆಗಳನ್ನು ಆರಿಸಿ, ಗೊಬ್ಬರ ಬೆರೆಸಿ, ಮಡಕೆಯ ಮೈಗೆ ತಾಗುವ ಭಾಗವನ್ನು ಮಾತ್ರ ನೀರಿನಲ್ಲಿ ಕಲಸಿ ಕೆಸರಾಗಿಸಿ ಕೈಯಿಂದಲೇ ಮೆತ್ತಬೇಕು. ಮಡಕೆಗೂ ಮಣ್ಣಿಗೂ ನಡುವೆ ಬೆರಳಿನಷ್ಟು ಪೊಳ್ಳು ಉಳಿದರೂ ಆ ಭಾಗದಲ್ಲಿ ಮಣ್ಣಿನ ಸೆಳೆತ ಗೋಡೆಯನ್ನು ತಲುಪದು. ಕುತ್ತಿಗೆ ಎರಡು ಬೆರಳಿನಷ್ಟು ನೆಲದಿಂದ ಮೇಲಿದ್ದರೆ ಮಳೆಯ ಕೆಸರು ಒಳನುಗ್ಗುವುದಿಲ್ಲ. ಮುಚ್ಚಳ ಮಾತ್ರ ಬಿಗಿಯಾಗಿರಲೇಬೇಕು. ತಿಳಿನೀರು ನಿಂತ ತೆರೆದ ಬಾಯಿ ಡೆಂಗಿ ಹರಡುವ ಸೊಳ್ಳೆಗೆ ಹೆರಿಗೆಯ ಮನೆ. ಐದಾರು ಲೀಟರಿನ ಮಡಕೆಯ ಸುತ್ತ ಸುಮಾರು ಒಂದು ಗೇಣಿನಷ್ಟು ದೂರಕ್ಕೆ ತೇವ ಹರಡುವುದರಿಂದ ಟೊಮೆಟೊ, ಬದನೆ, ಸೌತೆ, ಹೀರೆಗಳನ್ನು ಆ ಮೇರೆಯೊಳಗೇ ನೆಡತಕ್ಕದ್ದು. ಬೀಜ ಮೊಳೆತು ಬೇರಿಳಿಯುವವರೆಗೆ ಮೇಲಿನಿಂದಲೂ ನೀರು ಚಿಮುಕಿಸುತ್ತಿರಬೇಕು. ಅನಂತರ ಮೇಲ್ಮಣ್ಣು ಒಣಗಿಯೇ ಇರುವುದರಿಂದ ಕಳೆ ತಗ್ಗುತ್ತದೆ, ಎಲೆಗೆ ನೀರು ತಾಗದೆ ಬೂಷ್ಟಿನ ಕಾಟವೂ ತಗ್ಗುತ್ತದೆ.

ಮಡಕೆಯೊಳಗೆ ಇಳಿಬಿಡಲು ಗೀರುಹಾಕಿದ ಬಿದಿರುಕಡ್ಡಿಯೊಂದನ್ನು ಪ್ರತಿಯೊಬ್ಬರೂ ಇಟ್ಟುಕೊಳ್ಳಬೇಕೆಂದು ನನ್ನ ಆಗ್ರಹ. ದಿನವೂ ಬೆಳಗ್ಗೆ ಅದನ್ನು ಅದ್ದಿ ನೋಡಿದರೆ ನೆಲದ ಒಳಗಿನ ವ್ಯಾಪಾರವೆಲ್ಲ ಕಣ್ಣಿಗೆ ಕಾಣುತ್ತದೆ. ಹೊಸದಾಗಿ ಹೂತಾಗ ಬಾಯಾರಿದ ಮಣ್ಣು ನೀರನ್ನು ಭರದಿಂದ ಹೀರುತ್ತದೆ. ಕೆಲವು ದಿನಗಳಲ್ಲಿ ಆ ಭರ ಇಳಿಯುತ್ತದೆ. ಬಳ್ಳಿ ಹಬ್ಬಿ ಕಾಯಿ ಕಚ್ಚುವ ಕಾಲಕ್ಕೆ ಮತ್ತೆ ಏರುತ್ತದೆ. ಒಂದು ಒಳ್ಳೆಯ ಮಳೆ ಬಿದ್ದರೆ ಗೀರು ಇದ್ದಲ್ಲಿಯೇ ನಿಲ್ಲುತ್ತದೆ. ಇಷ್ಟು ಸರಳವಾದ ಕಡ್ಡಿ ಗಿಡದ ಹಸಿವು ನೀರಡಿಕೆಗಳನ್ನು ಇಷ್ಟು ನಿಖರವಾಗಿ ಬರೆದುಕೊಡುತ್ತದೆಂಬುದು ನನಗಂತೂ ಎಂದಿಗೂ ಹಳತಾಗದ ಸಂತೋಷ.

ಹೂತ ಮಡಕೆಗೂ ಮಿತಿಗಳುಂಟು. ಬೇಸಗೆಯಲ್ಲಿ ಬಾಯಿಬಿಡುವ ಎರೆಭೂಮಿಯಲ್ಲಿ ಬಿರುಕು ಮಡಕೆಯ ಮೈಯಿಂದ ಮಣ್ಣನ್ನು ಬೇರ್ಪಡಿಸುತ್ತದೆ. ಕೆಮ್ಮಣ್ಣಿನ, ಮರಳು ಬೆರೆತ ತೋಟಗಳಲ್ಲಿ ಈ ತೊಡಕಿಲ್ಲ. ಮರವಾಗಿ ಬೆಳೆಯುವ ಗಿಡದ ಬೇರು ಕಾಲಕ್ರಮದಲ್ಲಿ ಮಡಕೆಯನ್ನು ಒಡೆದೇ ತೀರುತ್ತದೆ. ಜಗಲಿಯ ಚಿಕ್ಕ ಕುಂಡಗಳಲ್ಲಿ ಮಡಕೆಗೆ ಜಾಗವೇ ಇರದು; ಅಂಥಲ್ಲಿ ಕುಂಡದ ತಳದಿಂದ ಕೆಳಗಿನ ನೀರಿನ ಡಬ್ಬಿಗೆ ಮೊದಲೇ ನೆನೆಸಿದ ನೈಲಾನ್ ಹುರಿಯ ಬತ್ತಿಯೊಂದನ್ನು ಇಳಿಬಿಟ್ಟರೆ ಸಾಕು. ಹತ್ತಿಯ ಬತ್ತಿ ಚೆನ್ನಾಗಿಯೇ ಹೀರುತ್ತದಾದರೂ ಬೇಗ ಕೊಳೆಯುತ್ತದೆ.

ಕೊಳವೆಬಾವಿಯ ಗಡಸುನೀರನ್ನು ತುಂಬುವವರು ಮಾತ್ರ ಎಚ್ಚರದಿಂದಿರಬೇಕು. ಅದರ ಸುಣ್ಣದಂಶ ರಂಧ್ರಗಳಲ್ಲಿ ಕಟ್ಟಿಕೊಂಡು ಮಡಕೆಯ ಕೊಡುಗೈ ಕ್ರಮೇಣ ಬಿಗಿಯಾಗುತ್ತದೆ. ಬಿಸಿಲು ಹೆಚ್ಚುತ್ತಿದ್ದರೂ ಕಡ್ಡಿಯ ಗೀರು ಇಳಿಯದಿರುವುದೇ ಇದರ ಲಕ್ಷಣ. ಬೆಳೆ ಮುಗಿದ ಮೇಲೆ ಮಡಕೆಯನ್ನು ಜೋಪಾನವಾಗಿ ಎತ್ತಿ, ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ತೆಂಗಿನ ನಾರಿನಿಂದ ಒಳಹೊರಗೆ ಉಜ್ಜಿ, ಬಿಸಿಲಿಗಿಟ್ಟು ಒಣಗಿಸಬೇಕು. ಸಾಧ್ಯವಿದ್ದವರು ಮಳೆಗಾಲದಲ್ಲಿ ಹಿಡಿದಿಟ್ಟ ಮಾಡಿನ ನೀರನ್ನು ಇದಕ್ಕೆಂದೇ ಮೀಸಲಿಟ್ಟರೆ ಈ ಶ್ರಮವೂ ಉಳಿಯುತ್ತದೆ. ಬೇಸಗೆಯ ಸೌತೆಗಾಗಿ ಹೂಳುವವರು ಮಾಘದ ಕೊನೆಯೊಳಗೆ ಕುಂಬಾರನಿಗೆ ಹೇಳಿಟ್ಟು, ಫಾಲ್ಗುಣದಲ್ಲಿ ಬೀಜ ಊರುವುದಕ್ಕೆ ಒಂದು ವಾರ ಮುಂಚೆಯೇ ಮಡಕೆಯನ್ನು ನೆಲಕ್ಕಿಳಿಸಿ ನೀರು ತುಂಬಿಡುವುದು ಲೇಸು.