ಪೌರತ್ವ ದೊರೆಯ ಉಡುಗೊರೆಯಲ್ಲ

ಕುವೈತ್‌ನಲ್ಲಿ ಸಾವಿರಾರು ಜನರ ಪೌರತ್ವ ರದ್ದಾದ ಸುದ್ದಿ ಬಂದಾಗಲೆಲ್ಲ, ಅಲ್ಲಿ ದುಡಿಯುವ ಕರಾವಳಿಯ ನಮ್ಮವರೂ ಆಡುವ ಮಾತೊಂದಿದೆ: ಸುಳ್ಳು ದಾಖಲೆ ಕೊಟ್ಟವರದ್ದು ಹೋಯಿತು, ಪೌರತ್ವ ಕೊಟ್ಟವರೇ ಕಿತ್ತುಕೊಂಡರು, ತಪ್ಪೇನು?

ತಪ್ಪು ಲೆಕ್ಕದಲ್ಲೇ ಕಾಣುತ್ತದೆ. 2025ರ ಮೇ ಹೊತ್ತಿಗೆ ಎಎಫ್‌ಪಿ ಸುದ್ದಿಸಂಸ್ಥೆ ಸರ್ಕಾರದ್ದೇ ಅಂಕಿಗಳನ್ನು ಕೂಡಿಸಿದಾಗ, ಒಂದು ವರ್ಷದೊಳಗೆ ಪೌರತ್ವ ಕಳೆದುಕೊಂಡವರು 37,000ಕ್ಕೂ ಹೆಚ್ಚು. ಅವರಲ್ಲಿ ಕನಿಷ್ಠ 26,000 ಮಂದಿ ಹೆಂಗಸರು. ಇವರಲ್ಲಿ ಹೆಚ್ಚಿನವರು ಕುವೈತಿಗಳನ್ನು ಮದುವೆಯಾಗಿ, 1959ರ ರಾಷ್ಟ್ರೀಯತಾ ಕಾನೂನಿನ 8ನೇ ವಿಧಿಯಂತೆ ಪೌರತ್ವ ಪಡೆದವರು. ಎರಡು ದೇಶಗಳ ಪೌರತ್ವಕ್ಕೆ ಅಲ್ಲಿ ಅವಕಾಶವಿಲ್ಲವಾದ್ದರಿಂದ ತವರಿನದನ್ನು ಬಿಟ್ಟುಕೊಟ್ಟಿದ್ದರು. ಕಾನೂನು ಹೇಳಿದಂತೆ ನಡೆದವರನ್ನೇ ಕಾನೂನು ಕೈಬಿಟ್ಟಿತು. ಸಂಬಳ, ಪಿಂಚಣಿ ಮುಂದುವರಿಸುತ್ತೇವೆ ಎಂದು ಸರ್ಕಾರ ಹೇಳಿದೆ. ಆದರೆ ನಿನ್ನೆ ಹಕ್ಕಾಗಿದ್ದದ್ದು ಇಂದು ದಯೆಯಾಯಿತು; ದಯೆಗೆ ಭರವಸೆಯಿಲ್ಲ.

ಮೋಸ ಮಾಡಿದವರೂ ಇರಬಹುದು. ಹಾಗಿದ್ದರೆ ಅದು ನ್ಯಾಯಾಲಯದಲ್ಲಿ ಸಾಬೀತಾಗಲಿ. ಆದರೆ ಕುವೈತ್‌ನ ಆಡಳಿತ ನ್ಯಾಯಾಲಯಗಳಿಗೆ ರಾಷ್ಟ್ರೀಯತೆಯ ತಕರಾರು ಕೇಳುವ ಅಧಿಕಾರವನ್ನೇ ಕೊಟ್ಟಿಲ್ಲ. 2024ರ ಮೇ 10ರಂದು ಅಮೀರ್ ಶೇಖ್ ಮಿಶಾಲ್, ಸರ್ಕಾರವನ್ನು ಪ್ರಶ್ನಿಸಬಹುದಾಗಿದ್ದ ಸಂಸತ್ತನ್ನೂ ವಿಸರ್ಜಿಸಿದರು. ತನಿಖೆ ಮಾಡುವುದೂ ತೀರ್ಮಾನಿಸುವುದೂ ಸರ್ಕಾರವೇ. ಅಪ್ಪನ ಪೌರತ್ವ ರದ್ದಾದರೆ ಅವನ ಮೂಲಕ ಪೌರರಾದ ಮಕ್ಕಳದ್ದೂ ಹೋಗುತ್ತದೆ. ಆ ಮಕ್ಕಳು ಮಾಡಿದ ಮೋಸ ಯಾವುದು?

ಪೌರತ್ವ ಕಿತ್ತುಕೊಳ್ಳುವ ಈ ಅಧಿಕಾರ ಎತ್ತ ಹೊರಳುತ್ತದೆ ಎಂಬುದನ್ನು 2014 ತೋರಿಸಿತ್ತು. ಆ ವರ್ಷ ಪೌರತ್ವ ಕಳೆದುಕೊಂಡವರಲ್ಲಿ ಪತ್ರಿಕೆ ಮತ್ತು ಟಿವಿ ವಾಹಿನಿಯ ಒಡೆಯ ಅಹ್ಮದ್ ಜಬರ್ ಅಲ್ ಶಮ್ಮರಿ, ವಿರೋಧ ಪಕ್ಷದ ನಾಯಕರೊಬ್ಬರ ವಕ್ತಾರ ಸಾದ್ ಅಲ್ ಅಜ್ಮಿ ಇದ್ದರು. ಅಜ್ಮಿಯನ್ನು 2015ರಲ್ಲಿ ಗಡೀಪಾರೂ ಮಾಡಲಾಯಿತು. ಹಿಂದೆ ಜರ್ಮನಿಯಲ್ಲೂ ಇದು ಹೊಸಬರಿಂದಲೇ ಶುರುವಾಗಿತ್ತು: 1933ರ ನಾಜಿ ಕಾನೂನು ಮೊದಲು ಹಿಡಿದದ್ದು 1918ರ ನಂತರ ಪೌರರಾದವರನ್ನು ಮತ್ತು ದೇಶ ತೊರೆದ ವಿರೋಧಿಗಳನ್ನು. 1941ರ ಆದೇಶ ಹೊರದೇಶದಲ್ಲಿ ನೆಲೆಸಿದ ಯಹೂದಿಗಳೆಲ್ಲರ ಪೌರತ್ವವನ್ನು ಒಮ್ಮೆಗೇ ಅಳಿಸಿತು. ಕುವೈತ್ ನಾಜಿ ಜರ್ಮನಿಯಲ್ಲ. ಆದರೆ ಹೊಸಬರಿಂದ ಶುರುವಾದ ಅಳಿಸುವಿಕೆ ಹೊಸಬರಲ್ಲೇ ನಿಲ್ಲುತ್ತದೆ ಎಂಬ ನಂಬಿಕೆಗೆ ಚರಿತ್ರೆಯಲ್ಲಿ ಆಧಾರವಿಲ್ಲ.

ಇಕಾಮದ, ಅಂದರೆ ವಾಸದ ಪರವಾನಗಿಯ, ಮೇಲೆ ಬದುಕುವ ನಮ್ಮವರಿಗೆ ಇದು ಬೇಗ ಅರ್ಥವಾಗಬೇಕು. ಇಕಾಮ ಅನುಮತಿ, ಕೊಟ್ಟವರು ರದ್ದು ಮಾಡಬಹುದು. ಪೌರತ್ವವನ್ನೂ ಹಾಗೆಯೇ ರದ್ದು ಮಾಡಬಹುದಾದರೆ ದೇಶದಲ್ಲಿ ಪೌರರೇ ಉಳಿಯುವುದಿಲ್ಲ, ಅನುಮತಿ ಪಡೆದವರಷ್ಟೇ ಉಳಿಯುತ್ತಾರೆ. ಸರ್ಕಾರವನ್ನು ಪ್ರಶ್ನಿಸುವ ಹಕ್ಕು ಪೌರತ್ವದಿಂದ ಬರುತ್ತದೆ. ಆ ಪೌರತ್ವವೇ ಸರ್ಕಾರದ ಮರ್ಜಿಯಲ್ಲಿದ್ದರೆ ಪ್ರಶ್ನಿಸುವವರು ಯಾರು?