ಬರಿದಾದ ಗಡಿಗೆಯೂ ಗುರುವೇ

ಕಾಶ್ಮೀರ ಶೈವರ ‘ವಿಜ್ಞಾನಭೈರವ’ ನನಗೆ ಅಚ್ಚುಮೆಚ್ಚಿನ ಕೃತಿ. ದೇವಿ ಪ್ರಶ್ನೆ ಕೇಳುತ್ತಾಳೆ. ಭೈರವ 112 ಧಾರಣೆಗಳನ್ನು, ಅಂದರೆ ಮನಸ್ಸನ್ನು ನೆಲೆನಿಲ್ಲಿಸುವ ಉಪಾಯಗಳನ್ನು, ಉತ್ತರವಾಗಿ ಕೊಡುತ್ತಾನೆ. ಹೆಚ್ಚಿನವು ಒಂದೊಂದೇ ಶ್ಲೋಕದಲ್ಲಿ ಮುಗಿಯುತ್ತವೆ.

ಕೆಲವನ್ನು ನೋಡಿ. ಒಳಬಂದ ಉಸಿರು ಹೊರಗೆ ತಿರುಗುವ ಮುನ್ನ ಕ್ಷಣಕಾಲ ತಂಗುತ್ತದೆ, ಗಮನ ಅಲ್ಲಿರಲಿ. ಬರಿದಾದ ಗಡಿಗೆಯೊಳಗೆ ನೋಡುವಾಗ ಅದರ ಗೋಡೆಗಳನ್ನು ಬಿಟ್ಟು ನಡುವಿನ ಬಯಲನ್ನಷ್ಟೇ ನೋಡಿ. ತಂತಿವಾದ್ಯದ ನಾದ ಸಣ್ಣಗಾಗುತ್ತ ಹೋದಂತೆ ಕಿವಿ ಅದರ ಕೊನೆಯ ಎಳೆಯವರೆಗೂ ಹೋಗಲಿ. ಮರ, ಬೆಟ್ಟ, ಗೋಡೆಗಳಿಲ್ಲದ ಕಡೆ ದೃಷ್ಟಿ ನಿಲ್ಲಲಿ. ಹೊರಗಿನ ಅರಿವು ಜಾರಿ ನಿದ್ದೆ ಇನ್ನೂ ಹತ್ತದ ಸಂಧಿಯೂ ಒಂದು ಧಾರಣೆ. ಸೀನು ಬರುವ ಗಳಿಗೆಯನ್ನೂ ಈ ಗ್ರಂಥ ಬಿಟ್ಟಿಲ್ಲ!

ಇದರ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ಸುಮ್ಮನಿರು ಎಂದು ಮನಸ್ಸನ್ನು ಗದರಿಸಿದರೆ ಅದು ಇನ್ನಷ್ಟು ಹಾರಾಡುತ್ತದೆ. ಇಲ್ಲಿ ಹಾಗಲ್ಲ, ಹಿಡಿದುಕೊಳ್ಳಲು ಮೊದಲು ಒಂದು ಆಸರೆ ಸಿಗುತ್ತದೆ, ಆಮೇಲೆ ಆ ಆಸರೆಯೇ ಮೆಲ್ಲಗೆ ಕರಗುತ್ತದೆ. ಹಿಡಿಯಲು ಏನೂ ಉಳಿಯದಾಗ ಮನಸ್ಸು ತಾನಾಗಿಯೇ ನಿಲ್ಲುತ್ತದೆ. ಆಗ ಎದುರಾಗುವ ಶೂನ್ಯ ಮಂಪರಲ್ಲ, ಕತ್ತಲೆಯಲ್ಲ. ಎಚ್ಚರ ತುಂಬಿದ ಬಯಲು.

ಎಲ್ಲರ ಮನಸ್ಸೂ ಒಂದೇ ದಾರಿಗೆ ಒಲಿಯುವುದಿಲ್ಲ ಎಂಬ ತಿಳಿವಿನಿಂದಲೇ ಇಷ್ಟೊಂದು ದಾರಿಗಳು. ನಿಮಗೆ ಹಿಡಿಸಿದ ಒಂದನ್ನು ಆರಿಸಿಕೊಂಡು ದಿನಕ್ಕೆ ಹತ್ತು ನಿಮಿಷ ಕೊಡಿ, ಸಾಕು.